ಅರ್ಧಾಣೆಯ ಪದ

ಬಾಗಿಲ ಹಲಗೆಯ ಮೇಲೆ ಇಥೆಲ್ ಪ್ರಾಸರ್.
ಹಲಸೂರಿನ ಬಾಯಲ್ಲಿ ಇತ್ತಲ್ ದೊರೆ.
ಹಳಗನ್ನಡದಲ್ಲಿ ಇತ್ತಲ್ ಎಂದರೆ ಈ ಕಡೆ
ಎಂದು ಯಾರೋ ಪಂಡಿತರು ಹೇಳಿದ ದಿನ
ಬೀದಿಯ ನಾಯಿಗಳಿಗೆಲ್ಲ ಬನ್ನು ಹಂಚಿದನಂತೆ,
ನಾನು ಈ ಕಡೆಯವನು, ನಾನು ಈ ಕಡೆಯವನು ಎನ್ನುತ್ತ.

ಇಂಗ್ಲಿಷಿನವರಾ ಎಂದು ಕೇಳಿದರೆ ಮಾತ್ರ
ಬಾಗಿಲು ಹಾಕಿಕೊಳ್ಳುತ್ತಿದ್ದ.
ವೇಲ್ಸು ಅವನದು. ಅಲ್ಲಿ ಬೇರೆ ಮಾತು, ಬೇರೆ ಬೈಗುಳ.

ಬಂದದ್ದು ಕೋಲಾರದ ಗಣಿಯಲ್ಲಿ ಲೆಕ್ಕ ಬರೆಯಲು.
ಒಂದು ಭಾನುವಾರ ಬೇತಮಂಗಲದ ಹಾದಿಯಲ್ಲಿ
ಎಮ್ಮೆಗಳು ಮೈ ಉಜ್ಜುವ ವೀರಗಲ್ಲು ಕಂಡು
ಕುಡಿಯಲು ತಂದ ಸೋಡಾ ಸುರಿದು ಸಗಣಿ ತೊಳೆದ.
ಕೆಳಗೆ ೞ ಇತ್ತು.
ಳ ಅಲ್ಲ.
ೞ, ಕನ್ನಡದ ಬಾಯಿಂದ ಎಂದೋ ಉದುರಿದ ಹಲ್ಲು.
ಸೋಮವಾರ ಕೆಲಸಕ್ಕೆ ಹೋಗಲಿಲ್ಲ,
ಮತ್ತೆಂದೂ ಹೋಗಲಿಲ್ಲ.

ನಮ್ಮಜ್ಜಿ ಪಿಳ್ಳಮ್ಮ ಆ ಬೀದಿಗೆ ಹೂ ಮಾರುತ್ತಿದ್ದಳು.
ಅವಳ ಹೆಸರು ಕೂಗುವಾಗ ನಾಲಗೆಯ ಪಕ್ಕದಿಂದ
ಗಾಳಿ ಬಿಡುತ್ತಿದ್ದ, ಅವನೂರಿನ ಳಕಾರ,
ಕಾದ ಹಂಚಿಗೆ ನೀರು ಚಿಮುಕಿಸಿದ ಸದ್ದು.
'ಹೆಸರನ್ನ ಸುಟ್ಟೇಬಿಡ್ತಿದ್ದ ಮುಂಡೇದು'
ಎಂದು ಎಂಬತ್ತರಲ್ಲೂ ನಗುವಳು.

ಪದಕ್ಕೆ ಅರ್ಧಾಣೆ ಕೊಡುತ್ತಿದ್ದ.
ಹಾಲಿನವಳು, ಗಾಣದವನು, ಲಾಳ ಹೊಡೆಯುವ ಬುಡನ್ ಸಾಬಿ,
ಗೇಟಿನ ಹೊರಗೆ ಸಾಲು.
ಇದ್ದ ಪದ ಮುಗಿದ ಮೇಲೆ
ಇಲ್ಲದ ಪದ ಮಾರಿದರು.
ಎಲ್ಲವನ್ನೂ ಚೀಟಿಯಲ್ಲಿ ಬರೆದು ಬಾಳೆನಾರಿಗೆ ಪೋಣಿಸಿ
ತೊಲೆಯಿಂದ ತೂಗುಬಿಟ್ಟು
ತನ್ನದೇ ಮನೆಯಲ್ಲಿ ಬಗ್ಗಿ ಓಡಾಡಿದ.

ಒಂದು ಸಂಜೆ ಖಾಲಿ ಬುಟ್ಟಿಗೆ ಮುಖವಿಟ್ಟು ಮೂಸಿ ಕೇಳಿದ:
ಹೂವೆಲ್ಲ ಹೋದ ಮೇಲೂ ಉಳಿಯುವ ಈ ಹಸಿ ವಾಸನೆ,
ಇದಕ್ಕೇನೆನ್ನುತ್ತೀರಿ?
ಅಜ್ಜಿಗೆ ಸೀಮೆಎಣ್ಣೆಗೆ ಅರ್ಧಾಣೆ ಕಮ್ಮಿಯಿತ್ತು.
'ಹಿಳಿಮೆ' ಎಂದಳು. ಬಾಯಿಗೆ ಬಂದದ್ದು.
ಹಳೆಯ ಪದವೋ?
'ನಮ್ಮ ಮುತ್ತಜ್ಜಿ ಕಾಲದ್ದು.'
ಹಿೞಿಮೆ ಎಂದು ಬರೆದು ಕನ್ನಡಕ ಒರೆಸಿಕೊಂಡ.

ಆ ರಾತ್ರಿ ದೀಪ ಉರಿಯಿತು. ನಿದ್ದೆ ಬರಲಿಲ್ಲ.
ಬೆಳಿಗ್ಗೆ ಕಾಸು ಹಿಂದಿರುಗಿಸಲು ಹೋದಳು.
ಗೊತ್ತು ಎಂದ. ಚೀಟಿ ತೋರಿಸಿದ, ಮೂಲೆಯಲ್ಲೊಂದು ಪುಟ್ಟ ಚುಕ್ಕಿ.
ಚುಕ್ಕಿಯ ಚೀಟಿಗಳೇ ಒಂದು ತೊಲೆಯ ಉದ್ದಕ್ಕೂ.
ಆಮೇಲೆ ಏನನ್ನಿಸಿತೋ,
ಬಾಗಿಲ ಹಲಗೆ ಕಿತ್ತು, ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡು
ಮೂಲೆಗೆ ಮುಖಮಾಡಿ ನಿಂತ.
ನಾನು, ಏಳು ವರ್ಷ, ಶಾಲೆ, ಎಂದ.
ಅಮ್ಮನ ಮಾತಾಡಿದೆ, ಎಂದ.
ಅದು ಅವರ ಕಡೆಯ ತಾಯಿತ ಇರಬೇಕು
ಅಂದುಕೊಂಡಳಂತೆ ಅಜ್ಜಿ.

ಇಪ್ಪತ್ತೆರಡು ವರ್ಷದ ದುಡಿಮೆ, ಅಚ್ಚಾದದ್ದು ಒಂದೇ ಸಂಪುಟ:
ಅ ದಿಂದ ಅಳಲು ತನಕ.
ಹನ್ನೊಂದು ಪ್ರತಿ ಖರ್ಚು, ನಾಲ್ಕು ಅವನೇ ಕೊಂಡದ್ದು.
ಮಿಕ್ಕದ್ದರಲ್ಲಿ ರಸೆಲ್ ಮಾರ್ಕೆಟ್ಟು ಒಂದು ಚಳಿಗಾಲವಿಡೀ
ಬಿಸಿ ಕಡಲೆಕಾಯಿ ತಿಂದಿತು.
ಹ ಬಹಳ ದೂರವಿತ್ತು.

ಕಲ್ಪಳ್ಳಿಯಲ್ಲಿ ಗೋರಿ.
'ಇಂಗ್ಲೆಂಡಿನವರು' ಎಂದು ಕೆತ್ತಿದೆ ಕಲ್ಲಿನ ಮೇಲೆ,
ಗುಣಿ ತೋಡುವವನು ಓದಿ ಹೇಳಿದ.
ಅಜ್ಜಿಗೆ ಓದು ಬಾರದು, ಎಷ್ಟನೇ ಸಾಲು ಎಂದು ಕೇಳಿಕೊಂಡಳು.
ಅಂದಿನಿಂದ ವರ್ಷಕ್ಕೊಂದು ಮೊಳ ಮಲ್ಲಿಗೆ,
ಸರಿಯಾಗಿ ಆ ಸಾಲಿನ ಮೇಲೆ.

ಫ್ರೇಜರ್ ಟೌನಿನ ನನ್ನ ಕಾನ್ವೆಂಟಿನಲ್ಲಿ
ಕನ್ನಡ ಆಡಿದರೆ ಇಪ್ಪತ್ತೈದು ಪೈಸೆ ದಂಡ.
ದುಡ್ಡು ಕೇಳಲು ಹೋದಾಗ ಅಜ್ಜಿ
ಹೂ ಕಟ್ಟುವುದನ್ನು ನಿಲ್ಲಿಸಿ
ಬಹಳ ಹೊತ್ತು ನನ್ನ ಕೊರಳನ್ನೇ ನೋಡಿ
'ಓ, ಅದಾ' ಎಂದಳು.

ಈಗ ಸಿಟಿ ಮಾರ್ಕೆಟ್ಟಿನಲ್ಲಿ ನನ್ನದೊಂದು ಹೂವಿನ ಮಳಿಗೆ.
ಮೊನ್ನೆ ಮಧ್ಯಾಹ್ನ, ಮೂಟೆ ಹೊರುವ ಮಾಲೂರಿನ ಹುಡುಗ:
'ಅಕ್ಕಾ, ಬುಟ್ಟಿ ತೊಳೀಲಾ? ಹಿಳಿಮೆ ಹೊಡೀತೈತೆ.'
ಎಲ್ಲಿ ಕಲಿತೆಯೋ ಇದನ್ನ?
'ಎಲ್ರೂ ಅಂತಾರಲ್ಲಕ್ಕಾ.'

ತೊಳೀಬೇಡ ಬಿಡು ಎಂದೆ.
ಸಂಜೆ ಲೆಕ್ಕದಲ್ಲಿ ಅವನ ಕೂಲಿಗೆ
ಹತ್ತು ರೂಪಾಯಿ ಜಾಸ್ತಿ ಬರೆದೆ.